ಹೊಲದ ಉತ್ಪನ್ನದಲ್ಲಿ ನಡೆದ ಶಾಲೆಗಳು

ರಾಯಚೂರಿನಿಂದ ದೇವದುರ್ಗಕ್ಕೆ ಹೊರಟರೆ ದಾರಿಯಲ್ಲಿ ಗಬ್ಬೂರು ಸಿಗುತ್ತದೆ. ಊರ ತುಂಬ ಹಳೆಯ ಗುಡಿಗಳು, ಶಾಸನಗಳು. ಒಂದು ಕಾಲಕ್ಕೆ ಇದು ವಿದ್ಯಾಕೇಂದ್ರವೆಂದು ಹೆಸರಾಗಿತ್ತು. ಸಾವಿರ ವರ್ಷದ ಹಿಂದೆ ಇಂಥ ಊರುಗಳಲ್ಲಿ ಶಾಲೆ ನಡೆಯುತ್ತಿದ್ದುದಾದರೂ ಹೇಗೆ? ಈ ಸೀಮೆಯ ಶಾಸನಗಳೇ ಅದರ ಲೆಕ್ಕ ಕೊಡುತ್ತವೆ.

ಖರ್ಚು ಯಾರದು?

ದಾನಿ ಊರಿನ ಹೊಲವನ್ನು ಶಾಲೆಗೆ ದತ್ತಿ ಬಿಡುತ್ತಿದ್ದ. ಅದರ ಉತ್ಪನ್ನದಲ್ಲಿ ಗುರುವಿನ ಜೀವನ, ವಿದ್ಯಾರ್ಥಿಗಳ ಊಟ, ದೀಪದೆಣ್ಣೆ ಎಲ್ಲವೂ ಸಾಗಬೇಕು. ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಶಾಲೆ ಕಟ್ಟಿಸಿದ. ಅಲ್ಲಿಯ ಕ್ರಿ.ಶ. 945ರ ಶಾಸನದಲ್ಲಿ ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳನ್ನು ಬಿಟ್ಟ ವಿವರವಿದೆ. ದೀಪಕ್ಕೆ ಬೇರೆ ಭೂಮಿ, ಗುರುವಿಗೆ ಬೇರೆ ಭೂಮಿ. ಊರವರ ಪಾಲೂ ಇತ್ತು: ಮದುವೆಯಾದರೆ 5 ನಾಣ್ಯ, ಮುಂಜಿಯಾದರೆ ಎರಡೂವರೆ. ಅಗ್ರಹಾರಗಳಲ್ಲಿ, ಅಂದರೆ ಬ್ರಾಹ್ಮಣರಿಗೆ ದಾನವಾಗಿ ಬಿಟ್ಟ ಊರುಗಳಲ್ಲಿ, ದತ್ತಿಯ ಉಸ್ತುವಾರಿ ಮಹಾಜನರೆಂಬ ಊರ ಬ್ರಾಹ್ಮಣ ಸಭೆಯದು.

ಯಾರು ಎಷ್ಟು ಜನ?

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ನಾಗಾವಿ ಇದೆ. ಕಲ್ಯಾಣ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ ಮಂತ್ರಿ ಮಧುಸೂದನ ಅಲ್ಲಿ ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯೆಯ ಶಾಲೆ, ನಡೆಸಲು ದತ್ತಿ ಕೊಟ್ಟ. 1058ರ ಶಾಸನದ ಪ್ರಕಾರ ವೇದ ಓದುವವರು 200, ಶಾಸ್ತ್ರ ಓದುವವರು 50. ವೇದಕ್ಕೆ ಮೂವರು ಗುರುಗಳು, ಶಾಸ್ತ್ರಕ್ಕೆ ಮೂವರು. ಇವರ ಜೊತೆಗೆ 6 ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಾಲಯ ನೋಡಿಕೊಳ್ಳುವವರು. ಗುರುಗಳೆಷ್ಟೋ ಅಷ್ಟೇ ಭಂಡಾರಿಗರು! ಗ್ರಂಥಗಳಿದ್ದದ್ದು ಓಲೆಗರಿಯಲ್ಲಿ. ಹುಳು, ತೇವ ತಾಗಿದರೆ ಗರಿ ಹೋಯಿತು. ಹಳೆಯದು ಶಿಥಿಲವಾಗುವ ಮೊದಲೇ ಹೊಸ ಪ್ರತಿ ಬರೆದಿಡಬೇಕು. ಪ್ರತಿ ದುರ್ಲಭವಾದ್ದರಿಂದ ಓದೆಂದರೆ ಮೊದಲು ಬಾಯಿಪಾಠ, ಆಮೇಲೆ ಅರ್ಥ, ಕೊನೆಗೆ ವಾದ.

ಆಗ ಯುರೋಪಿನಲ್ಲಿ?

ಅಲ್ಲಿಯ ಕಥೆಯೂ ಬಹಳ ಬೇರೆಯಲ್ಲ. ದೊರೆ ಷಾರ್ಲಮೇನ್ 789ರಲ್ಲೇ ಮಠಗಳೂ ಬಿಷಪ್ಪರ ಪೀಠಗಳೂ ಶಾಲೆ ನಡೆಸಬೇಕೆಂದು ಆಜ್ಞೆ ಹೊರಡಿಸಿದ್ದ. ಬಡ ಮಕ್ಕಳಿಗೆ ಶುಲ್ಕವಿಲ್ಲದೆ ಕಲಿಸುವ ಗುರುವಿಗೆ ಪ್ರತಿ ಕೆಥೆಡ್ರಲ್ ಚರ್ಚೂ ತನ್ನ ಆದಾಯದಲ್ಲಿ ಪಾಲು ಕೊಡಬೇಕೆಂದು 1179ರ ಚರ್ಚ್ ಮಹಾಸಭೆ ವಿಧಿಸಿತು. ಇಲ್ಲಿ ಸಂಸ್ಕೃತ, ಅಲ್ಲಿ ಲ್ಯಾಟಿನ್, ಎರಡೂ ಮನೆಮಾತಲ್ಲ. ಆದರೆ ಅಲ್ಲಿ ಇನ್ನೊಂದು ಬಗೆಯ ಸಂಸ್ಥೆಯೂ ಬೆಳೆಯಿತು. 1088ರಲ್ಲಿ ಆರಂಭವಾಯಿತೆನ್ನುವ ಬೊಲೊನ್ಯಾದಲ್ಲಿ ಮುಂದೆ ವಿದ್ಯಾರ್ಥಿಗಳೇ ಸಂಘ ಕಟ್ಟಿಕೊಂಡು ಗುರುಗಳಿಗೆ ಹಣ ಕೊಟ್ಟು ಪಾಠ ಹೇಳಿಸಿಕೊಂಡರು. ಇಂಥ ಸಂಘ ಒಂದೇ ಊರಿಗೆ ಅಂಟಿಕೊಳ್ಳಬೇಕಿರಲಿಲ್ಲ. 1209ರಲ್ಲಿ ಊರವರೊಡನೆ ಜಗಳವಾಗಿ ಆಕ್ಸ್‌ಫರ್ಡ್ ಬಿಟ್ಟ ಕೆಲವರು ಕೇಂಬ್ರಿಜ್‌ನಲ್ಲಿ ನೆಲೆಯೂರಿದರು. ನಮ್ಮ ಘಟಿಕಾಸ್ಥಾನಕ್ಕೆ ದತ್ತಿಯ ಹೊಲವೇ ಆಧಾರ. ಅರಸೊತ್ತಿಗೆ ಬದಲಾಗಿ ಹೊಲ ಕೈತಪ್ಪಿದರೆ ಶಾಲೆಯೂ ಮುಗಿಯಿತು.

ಬಾಗಿಲು ಯಾರಿಗೆ?

ಅಗ್ರಹಾರದ ಓದು ಬಹುಮಟ್ಟಿಗೆ ಬ್ರಾಹ್ಮಣ ಗಂಡುಮಕ್ಕಳಿಗೆ ಮೀಸಲು. ಕುಶಲಕರ್ಮಿಯ ಮಗ ಅಪ್ಪನ ಕೆಲಸದಲ್ಲೇ ಕಲಿಯುತ್ತಿದ್ದ. ಹೆಣ್ಣುಮಕ್ಕಳಿಗೆ ಆ ಪಾಠಶಾಲೆಯಲ್ಲಿ ಜಾಗವಿರಲಿಲ್ಲ. ಯುರೋಪಿನ ವಿಶ್ವವಿದ್ಯಾಲಯಗಳೂ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲಿಲ್ಲ.

ಮುಂದೆ ಬಹಮನಿ ಆಳ್ವಿಕೆಯಲ್ಲಿ ಕಲಿಕೆಗೆ ಮತ್ತೊಂದು ದಾರಿ ತೆರೆಯಿತು. ವಜೀರ ಮಹಮೂದ್ ಗವಾನ್ 1472ರಲ್ಲಿ ಬೀದರದಲ್ಲಿ ಮದರಸಾ ಕಟ್ಟಿಸಿದ. ಅದರಲ್ಲಿ ಗುರು, ಶಿಷ್ಯರಿಗೆ ವಸತಿ, ದೊಡ್ಡ ಗ್ರಂಥಾಲಯ ಎರಡೂ ಇದ್ದವು.

ಶಾಸ್ತ್ರದ ಮಾತು ಕನ್ನಡದಲ್ಲಿ ಬೀದಿಗಿಳಿದುದಕ್ಕೂ ಈ ನೆಲವೇ ಸಾಕ್ಷಿ. ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು, ಬ್ಯಾಗವಾಟದ ಜಗನ್ನಾಥದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು 18ನೆಯ ಶತಮಾನದಲ್ಲಿ ವೇದಾಂತವನ್ನು ಹಾಡಾಗಿಸಿದರು. ಸಂಸ್ಕೃತ ಪಂಡಿತರಾಗಿದ್ದ ಜಗನ್ನಾಥದಾಸರು ‘ಹರಿಕಥಾಮೃತಸಾರ’ವನ್ನು ಬರೆದದ್ದು ಕನ್ನಡದಲ್ಲಿ. ಅದನ್ನು ಕಲಿಯಲು ಘಟಿಕಾಸ್ಥಾನಕ್ಕೆ ಸೇರಬೇಕಿರಲಿಲ್ಲ. ಕೇಳಿದವರ ಬಾಯಿಂದ ಕೇಳಿಯೇ ಕಲಿಯಬಹುದಿತ್ತು.