ಬ್ರೇಕ್ ಪೆಡಲಿನ ಎರಡು ಸಾಕ್ಷಿಗಳು

ಚಾಲಕನು ಬ್ರೇಕ್ ಪೆಡಲನ್ನು ಒತ್ತಿದೊಡನೆ ಕಾರಿನಲ್ಲಿ ಎರಡು ಕಾರ್ಯಗಳು ನಡೆಯುತ್ತವೆ. ನಳಿಗೆಗಳಲ್ಲಿ ತುಂಬಿರುವ ದ್ರವದ ಒತ್ತಡ ಹೆಚ್ಚಿ ಚಕ್ರಗಳ ವೇಗ ಕುಗ್ಗುವುದು ಒಂದು. ಪೆಡಲು ಚಲಿಸಿತೆಂಬ ಸಮಾಚಾರ ವಿದ್ಯುತ್ತಿನ ಮೂಲಕ ಕಾರಿನ ಗಣಕಯಂತ್ರವನ್ನು ಮುಟ್ಟುವುದು ಇನ್ನೊಂದು. ಈ ಸಮಾಚಾರವನ್ನು ಕೊಡುವ ಉಪಕರಣವೇ ಬ್ರೇಕ್ ಪೆಡಲ್ ಸೆನ್ಸರು. ದ್ರವದ ಒತ್ತಡದಿಂದಲೇ ಬ್ರೇಕು ಹಿಡಿಯುವ ಕಾರಿನಲ್ಲಿ ಅದು ಕೆಟ್ಟರೂ ಕಾರು ನಿಲ್ಲುವುದೇನೋ ನಿಜ. ಆದರೆ ಹಿಂಬದಿಯ ಕೆಂಪು ದೀಪಗಳು ಹೊತ್ತದೆ ಹೋಗಬಹುದು. ಹಿಂದಿನಿಂದ ಬರುವವನಿಗೆ ಎಚ್ಚರಿಕೆ ತಪ್ಪಿದರೆ ಅನಾಹುತಕ್ಕೆ ಅಷ್ಟೇ ಸಾಕು.

ಇದರ ಸರಳ ರೂಪ ಒಂದು ಸ್ವಿಚ್ಚು. ಸ್ವಿಚ್ಚಿಗೆ ಒಂದೇ ತಂತಿಯಿದ್ದರೆ ಸಾಲದೆ ಎಂದು ವಾಚಕರು ಕೇಳಬಹುದು. ಆ ತಂತಿ ತುಂಡಾಯಿತೆನ್ನೋಣ. ಆಗ ಗಣಕಯಂತ್ರಕ್ಕೆ ವಿದ್ಯುತ್ತು ಬರುವುದಿಲ್ಲ; ಪೆಡಲನ್ನು ಒತ್ತದಿರುವಾಗಲೂ ಬರುವುದಿಲ್ಲ. ಇವೆರಡರ ಭೇದವನ್ನು ಯಂತ್ರವು ಅರಿಯುವುದು ಹೇಗೆ? ಆದುದರಿಂದಲೇ ಅನೇಕ ಕಾರುಗಳಲ್ಲಿ ಎರಡು ಸಂಪರ್ಕಗಳನ್ನು ಇಟ್ಟಿರುತ್ತಾರೆ. ಪೆಡಲನ್ನು ಒತ್ತಿದಾಗ ಒಂದು ಕೂಡಿಕೊಳ್ಳುತ್ತದೆ, ಇನ್ನೊಂದು ಬಿಟ್ಟುಕೊಳ್ಳುತ್ತದೆ. ಎರಡೂ ಕೂಡಿದ್ದರೆ ಅಥವಾ ಎರಡೂ ಬಿಟ್ಟಿದ್ದರೆ, ಸಾಕ್ಷಿಗಳಲ್ಲಿ ಒಂದು ಸುಳ್ಳು ಹೇಳುತ್ತಿದೆಯೆಂದು ಯಂತ್ರವು ತಿಳಿಯುತ್ತದೆ.

ಕೆಲವು ಕಾರುಗಳಲ್ಲಿ ಸ್ವಿಚ್ಚಿಗೆ ಬದಲಾಗಿ ಅಯಸ್ಕಾಂತವನ್ನು ಬಳಸುತ್ತಾರೆ. ವಿದ್ಯುತ್ತು ಹರಿಯುವ ಪಟ್ಟಿಯನ್ನು ಕಾಂತಕ್ಷೇತ್ರದಲ್ಲಿ ಅಡ್ಡಲಾಗಿ ಇಟ್ಟರೆ ಅದರ ಎರಡು ಪಾರ್ಶ್ವಗಳ ನಡುವೆ ಅಲ್ಪ ವೋಲ್ಟೇಜು ಹುಟ್ಟುತ್ತದೆಂಬುದನ್ನು 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದನು. ಪೆಡಲಿನೊಡನೆ ಅಯಸ್ಕಾಂತ ಸರಿದಂತೆ ಈ ವೋಲ್ಟೇಜು ಬದಲಾಗುವುದರಿಂದ, ಪೆಡಲು ಎಷ್ಟು ಕೆಳಗಿಳಿಯಿತೆಂಬುದೂ ತಿಳಿಯುತ್ತದೆ.

ಇನ್ನು ದೋಷವನ್ನು ಪತ್ತೆಮಾಡುವ ಬಗೆಯನ್ನು ನೋಡೋಣ. ಪರೀಕ್ಷಕ ಯಂತ್ರವನ್ನು ಕಾರಿಗೆ ಜೋಡಿಸಿದಾಗ ಪಿ 0504 ಎಂಬ ಸಂಕೇತ ಮೂಡಿತೆನ್ನೋಣ. ಎರಡು ಸಂಪರ್ಕಗಳ ಹೇಳಿಕೆಗಳು ಹೊಂದುತ್ತಿಲ್ಲ ಎಂಬುದಷ್ಟೇ ಇದರ ಅರ್ಥ. ಸೆನ್ಸರೇ ಕೆಟ್ಟಿದೆಯೆಂಬ ತೀರ್ಪು ಇದಲ್ಲ. ಇಲ್ಲಿಯೇ ಅವಸರಪಟ್ಟು ಹೊಸ ಸೆನ್ಸರನ್ನು ಕೊಂಡವರು ಹಣ ಕಳೆದುಕೊಳ್ಳುವುದುಂಟು.

ಕಾರು ಉರುಳದಂತೆ ಚಕ್ರಗಳಿಗೆ ತಡೆಕೊಟ್ಟು, ಮೊದಲು ದೀಪಗಳನ್ನು ನೋಡಬೇಕು. ಒಂದೇ ದೀಪ ಹೊತ್ತದಿದ್ದರೆ ಬಲ್ಬನ್ನೂ, ಯಾವುದೂ ಹೊತ್ತದಿದ್ದರೆ ಫ್ಯೂಸನ್ನೂ ಪರೀಕ್ಷಿಸುವುದು ಸುಲಭ. ಅನಂತರ ಸ್ವಿಚ್ಚು ತನ್ನ ಸ್ಥಾನದಿಂದ ಕದಲಿದೆಯೇ ಎಂದು ನೋಡಬೇಕು. ಕದಲಿದ್ದರೆ ಒಳ್ಳೆಯ ಸ್ವಿಚ್ಚೂ ತಪ್ಪು ಹೇಳುತ್ತದೆ. ಬಳಿಕ ಮೀಟರಿನಿಂದ ಮೂರು ಅಳತೆಗಳು: ಸೆನ್ಸರಿಗೆ ವಿದ್ಯುತ್ತು ಬರುತ್ತಿದೆಯೆ? ಅರ್ತ್ ಸಂಪರ್ಕ ಸರಿಯಾಗಿದೆಯೆ? ಪೆಡಲನ್ನು ನಿಧಾನವಾಗಿ ಒತ್ತಿದಂತೆ ಹೊರಬರುವ ವೋಲ್ಟೇಜು ತಕ್ಕಂತೆ ಬದಲಾಗುತ್ತಿದೆಯೆ? ಬಗೆಯನ್ನನುಸರಿಸಿ ಇರಬೇಕಾದ ಅಂಕೆಗಳು ಬೇರೆಬೇರೆ: ಸಾಮಾನ್ಯ ಸ್ವಿಚ್ಚಿಗೆ ಸುಮಾರು 12 ವೋಲ್ಟ್ ಬಂದರೆ, ಎಷ್ಟೋ ಅಯಸ್ಕಾಂತದ ಸೆನ್ಸರುಗಳಿಗೆ ಗಣಕಯಂತ್ರವೇ 5 ವೋಲ್ಟ್ ಒದಗಿಸುತ್ತದೆ.

ಮೊದಲ ಎರಡು ಸರಿಯಿದ್ದು ಮೂರನೆಯದು ತಪ್ಪಿದರೆ ಸೆನ್ಸರು ದೋಷಿ. ಮೂರೂ ಸರಿಯಿದ್ದು ಗಣಕಯಂತ್ರಕ್ಕೆ ಮಾತ್ರ ಸಮಾಚಾರ ಮುಟ್ಟದಿದ್ದರೆ, ನಡುವಿನ ತಂತಿಯನ್ನೋ ತುಕ್ಕುಹಿಡಿದ ಕೂಡುಗೊಂಡಿಯನ್ನೋ ಶಂಕಿಸಬೇಕು. ದೋಷ ಆಗಾಗ ಬಂದು ಮರೆಯಾಗುವಂತಿದ್ದರೆ, ತಂತಿಗಳನ್ನು ಮೆಲ್ಲನೆ ಅಲುಗಾಡಿಸುತ್ತ ಮೀಟರಿನ ಮೇಲೆ ಕಣ್ಣಿಟ್ಟಿರಬೇಕು.

ಪ್ರತ್ಯಕ್ಷವಾದರೂ ಪ್ರಮಾಣಿಸಿ ನೋಡಬೇಕೆಂಬುದು ನಮ್ಮ ಹಿರಿಯರ ಮಾತು. ಗಣಕಯಂತ್ರವು ಒಂದೇ ಸಾಕ್ಷಿಯನ್ನು ನಂಬುವುದಿಲ್ಲ. ಅದನ್ನು ದುರಸ್ತಿಮಾಡುವ ನಾವೂ ಒಂದೇ ಸಂಕೇತವನ್ನು ನಂಬಿ ನಿರ್ಣಯಕ್ಕೆ ಬರಬಾರದು.