ಘಾಟಿಯ ಬುಡದ ಗೇರ್ ಬಾಕ್ಸ್

ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಮಂಗಳೂರು ಕಡೆಯಿಂದ ಬಂದ ಹೆದ್ದಾರಿ ಎರಡಾಗುತ್ತದೆ. 75ನೇ ರಾಷ್ಟ್ರೀಯ ಹೆದ್ದಾರಿ ಮಾಣಿ, ಉಪ್ಪಿನಂಗಡಿ, ಗುಂಡ್ಯ ದಾಟಿ ಶಿರಾಡಿ ಏರುತ್ತದೆ. 73 ಪುಂಜಾಲಕಟ್ಟೆ, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ಹಾದು ಚಾರ್ಮಾಡಿಯ ತಿರುವುಗಳಿಗೆ ಹೋಗಿ ಸೇರುತ್ತದೆ. ಇವೆರಡರಿಂದ ದೂರದಲ್ಲಿ, ಮೂಡುಬಿದಿರೆಯ ಮೇಲೆ ಹೋಗುವ 169 ಕಾರ್ಕಳ, ಬಜಗೋಳಿ ಕಳೆದು ಕುದುರೆಮುಖದ ಕಾಡಿನೊಳಗೆ ಏರುತ್ತದೆ. ಈ ಮೂರು ದಾರಿಗಳಲ್ಲಿ ಘಟ್ಟದ ಮೇಲಕ್ಕೆ ಹೋಗಬೇಕಾದ ಅಡಿಕೆ, ಸಿಮೆಂಟು, ಮೀನು, ಧರ್ಮಸ್ಥಳದ ಯಾತ್ರಿಕರು ಎಲ್ಲವೂ ಒಂದು ಎರಕದ ಪೆಟ್ಟಿಗೆಯೊಳಗಿನ ಕೆಲವು ಹಲ್ಲುಗಳನ್ನು ನಂಬಿಕೊಂಡಿವೆ. ಎಂಜಿನ್ನಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಗೇರ್ ಬಾಕ್ಸ್ ಕೆಡುವ ತನಕ ಅದರ ನೆನಪು ಯಾರಿಗೂ ಬರುವುದಿಲ್ಲ. ಘಾಟಿಯ ಬುಡದಲ್ಲಿ ಬದುಕುವ ನಮಗಾದರೂ ಅದರ ಪರಿಚಯ ಸರಿಯಾಗಿ ಇರಬೇಕು.

ಲಾರಿಯ ಡೀಸೆಲ್ ಎಂಜಿನ್ನಿಗೆ ಒಂದು ದೊಡ್ಡ ಮಿತಿಯಿದೆ. ನಿಮಿಷಕ್ಕೆ ಸುಮಾರು ಸಾವಿರ ಸುತ್ತಿನಿಂದ ಎರಡೂವರೆ ಸಾವಿರ ಸುತ್ತಿನ ನಡುವೆ ಮಾತ್ರ ಅದು ಮನಸ್ಸಿಟ್ಟು ದುಡಿಯುತ್ತದೆ. ಅದಕ್ಕಿಂತ ಕೆಳಗೆ ಕೆಮ್ಮಿ ನಿಲ್ಲುತ್ತದೆ, ಮೇಲೆ ಹೋದರೆ ಬಲ ಸೋರುತ್ತದೆ. ಆದರೆ ರಸ್ತೆ ಕೇಳುವುದು ನಡಿಗೆಯ ವೇಗದಿಂದ ಹಿಡಿದು ಗಂಟೆಗೆ ಎಂಬತ್ತು ಕಿಲೋಮೀಟರಿನವರೆಗೆ. ಈ ಅಂತರವನ್ನು ತುಂಬುವುದು ಗೇರ್ ಬಾಕ್ಸಿನ ಕೆಲಸ. ಕೆಂಪುಕಲ್ಲನ್ನು ಹಾರೆಯಿಂದ ಮೀಟುವಾಗ ನಮ್ಮ ಕೈ ಬಹಳ ದೂರ ಸಾಗುತ್ತದೆ, ಕಲ್ಲು ಎರಡು ಬೆರಳಷ್ಟೇ ಏಳುತ್ತದೆ, ಆದರೆ ಏಳುತ್ತದೆ. ಚಿಕ್ಕ ಗೇರು ದೊಡ್ಡ ಗೇರನ್ನು ತಿರುಗಿಸುವಾಗ ಆಗುವುದೂ ಅದೇ. ವೇಗ ಎಷ್ಟು ಪಟ್ಟು ತಗ್ಗುತ್ತದೋ ತಿರುಗಿಸುವ ಬಲ, ಅಂದರೆ ಟಾರ್ಕ್, ಅಷ್ಟು ಪಟ್ಟು ಏರುತ್ತದೆ. ಹೊಸ ಶಕ್ತಿ ಎಲ್ಲಿಂದಲೂ ಬರುವುದಿಲ್ಲ. ಇದ್ದ ಶಕ್ತಿಯನ್ನು ವೇಗವಾಗಿ ಬಳಸಬೇಕೋ ಬಲವಾಗಿ ಬಳಸಬೇಕೋ ಎಂಬ ಆಯ್ಕೆ ಮಾತ್ರ ಚಾಲಕನ ಕೈಗೆ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. ಸರಕು ಸೇರಿ ಹದಿನಾರು ಟನ್ ತೂಗುವ ಲಾರಿ, ಹನ್ನೆರಡು ಅಡಿಗೆ ಒಂದು ಅಡಿ ಏರುವ ರಸ್ತೆ. ಇಳಿಜಾರು ಆ ಲಾರಿಯನ್ನು ಸುಮಾರು 1,330 ಕಿಲೋ ಭಾರದಷ್ಟು ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಟೈರಿನ ಉರುಳುವಿಕೆಯ ತಡೆಯೂ ಸೇರಿ ಅದು ಒಂದೂವರೆ ಟನ್ನಿನ ಹತ್ತಿರ ಬರುತ್ತದೆ. ಚಕ್ರದ ಅರೆವ್ಯಾಸ ಅರ್ಧ ಮೀಟರ್. ಹಾಗಾದರೆ ಚಕ್ರದಲ್ಲಿ ಬೇಕಾದ ಟಾರ್ಕ್ ಸುಮಾರು 750 ಕಿಲೋಗ್ರಾಂ-ಮೀಟರ್, ಎಂಜಿನ್ ಕೊಡುವುದು ಹೆಚ್ಚೆಂದರೆ 40. ಹಾದಿಯಲ್ಲಿ ಸೋರುವ ಹತ್ತನೇ ಒಂದು ಪಾಲನ್ನೂ ಹಿಡಿದರೆ ಎಂಜಿನ್ನಿನ ಬಲವನ್ನು ಇಪ್ಪತ್ತೊಂದು ಪಟ್ಟು ಹೆಚ್ಚಿಸಬೇಕು. ಹಿಂದಿನ ಆಕ್ಸಲಿನ ಕ್ರೌನ್-ಪಿನಿಯನ್ ಎಂಬ ಗೇರು ಜೋಡಿ ಅದರಲ್ಲಿ ಆರು ಪಟ್ಟು ಮಾಡಿಕೊಡುತ್ತದೆ ಎನ್ನೋಣ. ಉಳಿದ ಮೂರೂವರೆ ಪಟ್ಟು ಗೇರ್ ಬಾಕ್ಸಿನ ಪಾಲು.

ಇನ್ನು ಆ ಪೆಟ್ಟಿಗೆಯಲ್ಲಿ ಏನೇನಿರಬೇಕು? ಮೊದಲ ಗೇರು ಏಳು ಪಟ್ಟು, ಟಾಪ್ ಗೇರು ನೇರ, ಅಂದರೆ ಒಂದು ಪಟ್ಟು, ಒಟ್ಟು ಐದು ಗೇರು ಎಂದು ವಿನ್ಯಾಸಕ ನಿರ್ಧರಿಸಿದ್ದಾನೆ ಎಂದುಕೊಳ್ಳಿ. ನಡುವಿನ ಮೂರನ್ನು ಸಮ ದೂರದಲ್ಲಿ ಕೂರಿಸಿದರೆ ಕೆಲಸ ಕೆಡುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎಂಜಿನ್ನಿನ ಸುತ್ತು ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ಇಳಿಯಬೇಕು. ಹಾಗೆ ಗುಣೋತ್ತರವಾಗಿ ಹಂಚಿದಾಗ ಸಿಗುವುದು ಏಳು, 4.3, 2.65, 1.63, ಒಂದು. ಈ ಲೆಕ್ಕದಲ್ಲಿ 2,400 ಸುತ್ತಿನಲ್ಲಿ ಗೇರು ಬದಲಿಸಿದರೆ ಎಂಜಿನ್ ಸುಮಾರು 1,475ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಅದರ ಎಳೆತ ಚೆನ್ನಾಗಿರುತ್ತದೆ. ನಮ್ಮ ಏರಿಗೆ ಬೇಕಾದದ್ದು ಮೂರೂವರೆ ಪಟ್ಟು. 2.65ರ ಮೂರನೇ ಗೇರಿಗೆ ಅದು ಸಾಧ್ಯವಿಲ್ಲ, 4.3ರ ಎರಡನೆಯದಕ್ಕೆ ಸಾಧ್ಯ. ಎಂಜಿನ್ 1,500 ಸುತ್ತಿನಲ್ಲಿ ತಿರುಗುತ್ತಿರುವಾಗ ಎರಡನೇ ಗೇರಿನ ಲಾರಿ ಗಂಟೆಗೆ ಹನ್ನೊಂದು ಕಿಲೋಮೀಟರ್ ಹೋಗುತ್ತದೆ. ಅದೇ ಸುತ್ತಿನಲ್ಲಿ ಟಾಪ್ ಗೇರಿನ ವೇಗ 47. ಚಾರ್ಮಾಡಿಯಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡು ಹಾರನ್ ಒತ್ತುವ ಕಾರಿನವರು ಈ ಲೆಕ್ಕವನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಆ ಚಾಲಕ ಸೋಮಾರಿಯಲ್ಲ, ಅವನಿಗೆ ಬೇರೆ ಗೇರೇ ಇಲ್ಲ.

ಮೂರಕ್ಕೂ ಎರಡಕ್ಕೂ ನಡುವೆ ಇನ್ನೊಂದು ಇದ್ದಿದ್ದರೆ ಆ ಲಾರಿ ಸ್ವಲ್ಪ ಬೇಗ ಏರುತ್ತಿತ್ತು. ಗೇರು ಹೆಚ್ಚಿಸಿದರೆ ಪೆಟ್ಟಿಗೆಯ ಉದ್ದ, ತೂಕ, ಬೆಲೆ ಮೂರೂ ಹೆಚ್ಚುತ್ತವೆ. ದೊಡ್ಡ ಟ್ರೈಲರುಗಳಲ್ಲಿ ಇದಕ್ಕೊಂದು ಜಾಣ ಪರಿಹಾರವಿದೆ. ನಾಲ್ಕು ಗೇರಿನ ಪೆಟ್ಟಿಗೆಯ ಬೆನ್ನಿಗೆ ಹೈ-ಲೋ ಎಂಬ ಎರಡು ವೇಗದ ಇನ್ನೊಂದು ಪೆಟ್ಟಿಗೆ ಜೋಡಿಸುತ್ತಾರೆ. ನಾಲ್ಕೆರಡಲೆ ಎಂಟು, ಅದರ ಮೇಲೆ ತೆವಳುವುದಕ್ಕೆಂದೇ ಒಂದು ಕ್ರಾಲರ್.

ಹಲ್ಲುಗಳ ಲೆಕ್ಕಕ್ಕೆ ಬಂದಾಗ ವಿನ್ಯಾಸಕನ ನಿಜವಾದ ಕಷ್ಟ ಶುರುವಾಗುತ್ತದೆ. ಪೆಟ್ಟಿಗೆಯೊಳಗೆ ಮೈನ್ ಶಾಫ್ಟ್, ಅದರ ಕೆಳಗೆ ಸಮಾನಾಂತರವಾಗಿ ಲೇ ಶಾಫ್ಟ್. ಎರಡರ ನಡುವಿನ ಅಂತರ ಒಂದೇ. ಹಾಗಾಗಿ ಹಲ್ಲಿನ ಗಾತ್ರ ಒಂದೇ ಆಗಿದ್ದರೆ ಪ್ರತಿಯೊಂದು ಜೋಡಿಯ ಹಲ್ಲುಗಳ ಮೊತ್ತವೂ ಒಂದೇ ಆಗಿರಬೇಕು. ಮೊತ್ತ 72 ಎಂದಿಟ್ಟುಕೊಳ್ಳಿ. ಎಂಜಿನ್ ಕಡೆಯ ಮೊದಲ ಜೋಡಿಯೇ ವೇಗವನ್ನು ಐದಕ್ಕೆ ಮೂರರಂತೆ ಇಳಿಸಿಕೊಡುತ್ತದೆ. ಎರಡನೇ ಗೇರಿಗೆ 20 ಮತ್ತು 52 ಹಲ್ಲು ಸರಿಹೊಂದುತ್ತವೆ. ಆದರೆ 20ಕ್ಕೂ 52ಕ್ಕೂ ನಾಲ್ಕು ಸಾಮಾನ್ಯ ಅಪವರ್ತನ. ಚಿಕ್ಕ ಗೇರಿನ ಒಂದು ಹಲ್ಲು ಎದುರಿನ 52ರಲ್ಲಿ ಅವೇ 13 ಹಲ್ಲುಗಳನ್ನು ಮತ್ತೆ ಮತ್ತೆ ಮುಟ್ಟುತ್ತದೆ. ಒಂದು ಹಲ್ಲಿನಲ್ಲಿ ಊನವಿದ್ದರೆ ಆ ಹದಿಮೂರೂ ಅದರ ಪೆಟ್ಟು ತಿನ್ನುತ್ತಲೇ ಇರಬೇಕು. ಅದಕ್ಕಾಗಿ ವಿನ್ಯಾಸಕ 20-51 ಆರಿಸಿಕೊಳ್ಳುತ್ತಾನೆ. ಆಗ ಪ್ರತಿಯೊಂದು ಹಲ್ಲೂ ಎದುರಿನ ಎಲ್ಲ ಹಲ್ಲುಗಳನ್ನು ಸರದಿಯಂತೆ ಸೇರುತ್ತದೆ, ಸವೆತ ಸಮನಾಗಿ ಹಂಚಿಹೋಗುತ್ತದೆ. ಮೊತ್ತದಲ್ಲಿ ಕಡಿಮೆಯಾದ ಒಂದನ್ನು ಹಲ್ಲಿನ ಆಕಾರವನ್ನು ಕೊಂಚ ಹೊರಕ್ಕೆ ಸರಿಸಿ ಸರಿದೂಗಿಸುತ್ತಾನೆ. ಮೊದಲ ಗೇರಿನ ಚಿಕ್ಕ ಚಕ್ರಕ್ಕೆ 14 ಹಲ್ಲು ಬೇಕಾಗುತ್ತದೆ. ನೇರ ಹಲ್ಲಿನ, ಇಪ್ಪತ್ತು ಡಿಗ್ರಿ ಒತ್ತಡಕೋನದ ಗೇರಿನಲ್ಲಿ ಹದಿನೇಳಕ್ಕಿಂತ ಕಡಿಮೆಯಾದರೆ ಕತ್ತರಿಸುವಾಗಲೇ ಹಲ್ಲಿನ ಬುಡ ಕೊರೆದುಹೋಗುತ್ತದೆ. ಅಲ್ಲೂ ಅದೇ ಉಪಾಯ. ಒಂದೊಂದು ಸಂಖ್ಯೆಯ ಹಿಂದೆ ಇಷ್ಟು ಯೋಚನೆ ಇದೆ ಎಂದು ತಿಳಿದ ಮೇಲೆ ಗೇರ್ ಲಿವರನ್ನು ಒರಟಾಗಿ ಎಳೆಯಲು ನನಗಂತೂ ಕೈ ಬರುವುದಿಲ್ಲ.

ಮುಂದಕ್ಕೆ ಓಡುವ ಗೇರುಗಳ ಹಲ್ಲುಗಳು ಓರೆ. ಒಂದು ಹಲ್ಲು ಬಿಡುವ ಮೊದಲೇ ಇನ್ನೊಂದು ಹಿಡಿದಿರುತ್ತದೆ, ಸದ್ದು ಕಡಿಮೆ. ರಿವರ್ಸಿಗೆ ಹಲವು ವಾಹನಗಳಲ್ಲಿ ಇಂದಿಗೂ ನೇರ ಹಲ್ಲೇ. ಹಿಂದಕ್ಕೆ ತೆಗೆಯುವಾಗ ಕೇಳುವ ಆ ಕೂಗಿಗೆ ಅದೇ ಕಾರಣ.

ಮುಂದಕ್ಕೆ ಓಡುವ ಈ ಗೇರುಗಳು ಇಂದು ಸದಾ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತವೆ. ಮೊದಲು ಹಾಗಿರಲಿಲ್ಲ. 1890ರ ದಶಕದಲ್ಲಿ ಫ್ರಾನ್ಸಿನ ಎಮಿಲ್ ಲೆವಾಸೋರ್ ಮಾಡಿದ ಪೆಟ್ಟಿಗೆಯಲ್ಲಿ ತಿರುಗುತ್ತಿರುವ ಚಕ್ರಗಳನ್ನೇ ಸರಿಸಿ ಒಂದರೊಳಗೊಂದು ನುಗ್ಗಿಸಬೇಕಿತ್ತು. 1898ರ ಕ್ರಿಸ್ಮಸ್ ಹಿಂದಿನ ದಿನ ಲೂಯಿ ರೆನೋ ಎಂಬ ಇಪ್ಪತ್ತೊಂದರ ಯುವಕ ತಾನೇ ಕಟ್ಟಿದ ಪುಟ್ಟ ಕಾರನ್ನು ಪ್ಯಾರಿಸ್ಸಿನ ಮೋಮಾರ್ತ್ರ ಗುಡ್ಡದ ಕಡಿದಾದ ಬೀದಿಯಲ್ಲಿ ಏರಿಸಿ ತೋರಿಸಿದ. ಅವನ ಗೇರ್ ಬಾಕ್ಸಿನ ಟಾಪ್ ಗೇರಿನಲ್ಲಿ ಎಂಜಿನ್ನಿನ ಬಲ ಲೇ ಶಾಫ್ಟಿಗೆ ಇಳಿಯದೆ ನೇರವಾಗಿ ಹಿಂದಕ್ಕೆ ಹೋಗುತ್ತಿತ್ತು. ಅವನಿಗೆ ಗಿರಾಕಿಗಳನ್ನು ತಂದುಕೊಟ್ಟದ್ದು ಆ ಏರು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸಿಂಕ್ರೋಮೆಷ್ ತಂದಿತು. ಶಂಕುವಿನಾಕಾರದ ಭಾಗವೊಂದು ಉಜ್ಜಿ ಶಾಫ್ಟು, ಗೇರು ಎರಡರ ವೇಗವನ್ನೂ ಸಮ ಮಾಡಿದ ಮೇಲೆಯೇ ಹಲ್ಲುಗಳು ಒಂದಾಗುವ ಏರ್ಪಾಡು ಅದು. ಇಂದಿನ ಪೆಟ್ಟಿಗೆಗಳಲ್ಲಿ ಆ ಕೆಲಸ ಮಾಡುವುದು ಹೆಚ್ಚಾಗಿ ಒಂದು ಹಿತ್ತಾಳೆಯ ರಿಂಗು.

ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕಟ್ಟಿ ಬೆಳೆಸಿದ ಮಂಜೂಷಾ ಸಂಗ್ರಹಾಲಯವಿದೆ, ಹಳೆಯ ಕಾರುಗಳ ಸಂಗ್ರಹವೂ ಇದೆ. ದೇವರ ದರ್ಶನ ಮುಗಿಸಿದ ಬಹಳ ಮಂದಿ ಅಲ್ಲಿ ಕಾರುಗಳ ಹೊಳಪು ನೋಡಿ ಹೊರಡುತ್ತಾರೆ. ಮುಂದಿನ ಸಲ ಹೋದಾಗ ಸಿಂಕ್ರೋಮೆಷ್ ಬರುವ ಮೊದಲಿನ ಒಂದು ಕಾರಿನ ಪಕ್ಕ ನಿಂತು ಅದರ ಗೇರ್ ಲಿವರನ್ನು ನೋಡಿ. ಅದನ್ನು ಓಡಿಸಿದವರು ಪ್ರತಿ ಗೇರಿಗೂ ಎರಡೆರಡು ಸಲ ಕ್ಲಚ್ ಒತ್ತಬೇಕಿತ್ತು. ಗೇರು ಇಳಿಸುವಾಗ ನಡುವೆ ನ್ಯೂಟ್ರಲಿನಲ್ಲಿ ಎಂಜಿನ್ನಿನ ಸುತ್ತು ಏರಿಸಿ, ಕಿವಿಯ ಅಂದಾಜಿನ ಮೇಲೆಯೇ ಹಲ್ಲು ಕೂಡಿಸಬೇಕಿತ್ತು. ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ 1914ರಲ್ಲಿ ಮಂಗಳೂರಿನಲ್ಲಿ ಹುಟ್ಟಿದಾಗ ಈ ಜಿಲ್ಲೆಯ ಮೊದಲ ಬಸ್ ಚಾಲಕರು ಕಲಿತದ್ದು ಇಂಥ ವಿದ್ಯೆಯನ್ನು.

ಆ ಕಿವಿ ಈಗ ಉಳಿದಿರುವುದು ಗ್ಯಾರೇಜುಗಳಲ್ಲಿ. ಒಳ್ಳೆಯ ಮೆಕ್ಯಾನಿಕ್ ಗೇರ್ ಬಾಕ್ಸನ್ನು ಇಳಿಸುವ ಮೊದಲು ವಾಹನವನ್ನು ಓಡಿಸಿ ಕೇಳುತ್ತಾನೆ. ಒಂದೇ ಗೇರಿನಲ್ಲಿ ಸದ್ದು ಬಂದರೆ ಆ ಜೋಡಿಯ ಹಲ್ಲಿನದು. ನೇರ ಟಾಪ್ ಗೇರಿನಲ್ಲಿ ಸದ್ದಿಲ್ಲ, ಉಳಿದೆಲ್ಲದರಲ್ಲೂ ಇದೆ ಎಂದಾದರೆ ಲೇ ಶಾಫ್ಟಿನ ಬೇರಿಂಗ್ ಹೋಗಿದೆ, ಏಕೆಂದರೆ ನೇರ ಗೇರಿನಲ್ಲಿ ಮಾತ್ರ ಆ ಶಾಫ್ಟಿನ ಮೇಲೆ ಭಾರವಿಲ್ಲ. ಎರಡಕ್ಕೆ ಹಾಕುವಾಗ ಕರ್ರೆಂದರೆ ಎರಡನೆಯದರ ಹಿತ್ತಾಳೆ ರಿಂಗು ಸವೆದಿದೆ. ಘಾಟಿ ಹತ್ತಿಳಿಯುವ ವಾಹನಗಳಲ್ಲಿ ಮೂರರಿಂದ ಎರಡಕ್ಕೆ ಬರುವುದು ಎಷ್ಟು ಸಲವೋ, ಆ ರಿಂಗಿಗೆ ಬಿಡುವೇ ಇಲ್ಲ. ಗೇರು ತಾನಾಗಿ ಹಾರಿ ನ್ಯೂಟ್ರಲಿಗೆ ಬಂದರೆ ಕಚ್ಚುವ ಚಿಕ್ಕ ಹಲ್ಲುಗಳ ಅಂಚು ಉರುಟಾಗಿದೆ, ಇಲ್ಲವೇ ಗೇರು ಸರಿಸುವ ಫೋರ್ಕ್ ಸವೆದಿದೆ. ಇಳಿಜಾರಿನಲ್ಲಿ ಅದು ಜೀವಕ್ಕೇ ಅಪಾಯ, ಒಂದು ದಿನವೂ ಮುಂದೂಡಬಾರದು.

ಇಳಿಸಿದ ಆಯಿಲ್ ಕೂಡ ಬಹಳಷ್ಟು ಹೇಳುತ್ತದೆ. ಚಿನ್ನದ ಬಣ್ಣದ ನವಿರಾದ ಪುಡಿ ಹಿತ್ತಾಳೆಯದು, ಸ್ವಲ್ಪ ಇದ್ದರೆ ಗಾಬರಿಯಿಲ್ಲ. ಕಬ್ಬಿಣದ ಚೂರು ಸಿಕ್ಕಿದರೆ ಹಲ್ಲು ಒಡೆಯುತ್ತಿದೆ. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಮಳೆಗಾಲದಲ್ಲಿ ನೆರೆ ನೀರಿನ ರಸ್ತೆ ದಾಟಿದ ಜೀಪು, ಪಿಕಪ್‌ಗಳಲ್ಲಿ ಇದು ಆಗುತ್ತದೆ. ಬಿಸಿಯಾಗಿದ್ದ ಪೆಟ್ಟಿಗೆ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುಗೊಳವೆಯಿಂದ ನೀರನ್ನು ಒಳಕ್ಕೆ ಸೆಳೆಯುತ್ತದೆ. ಇನ್ನೊಂದು ಮಾತು: ಆಕ್ಸಲಿಗೆ ಹಾಕುವ ಜಿಎಲ್-5 ದರ್ಜೆಯ ಆಯಿಲನ್ನೇ ಗೇರ್ ಬಾಕ್ಸಿಗೂ ಸುರಿಯುವವರಿದ್ದಾರೆ. ಅದರಲ್ಲಿ ಹೆಚ್ಚಿರುವ ಗಂಧಕದ ಅಂಶ ಹಿತ್ತಾಳೆಯನ್ನು ತಿನ್ನಬಲ್ಲದು. ವಾಹನದ ಕೈಪಿಡಿ ಜಿಎಲ್-4 ಎಂದಿದ್ದರೆ ಅದನ್ನೇ ಹಾಕಿಸಿ.

ಲಾರಿ, ಬಸ್ಸಷ್ಟೇ ಅಲ್ಲ. ಬೆಳ್ತಂಗಡಿಯ ದಿಡುಪೆ, ಎಳನೀರಿನಂಥ ಘಟ್ಟದಂಚಿನ ಊರುಗಳಲ್ಲಿ ಜೀಪು ಇಂದಿಗೂ ಬೇಕು. ಅದರ ಮುಖ್ಯ ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದನ್ನು ಲೋಗೆ ಹಾಕಿದರೆ ಬಲ ಸುಮಾರು ದುಪ್ಪಟ್ಟಾಗಿ ನಾಲ್ಕೂ ಚಕ್ರಗಳಿಗೆ ಹಂಚಿಹೋಗುತ್ತದೆ. ಗದ್ದೆಯ ಟಿಲ್ಲರಿನಲ್ಲೂ ಇದೇ ವಿದ್ಯೆ. ಬೆಂಗಳೂರಿನ ವಿಎಸ್‌ಟಿ ಕಂಪೆನಿಯ 13 ಅಶ್ವಶಕ್ತಿಯ ಶಕ್ತಿ ಟಿಲ್ಲರಿಗೆ ಮುಂದಕ್ಕೆ ಆರು, ಹಿಂದಕ್ಕೆ ಎರಡು ಗೇರು. ಕೆಸರಿನಲ್ಲಿ ಉಳುವುದಕ್ಕೂ ಟ್ರೈಲರ್ ಕಟ್ಟಿ ರಸ್ತೆಯಲ್ಲಿ ಹೋಗುವುದಕ್ಕೂ ಅದೇ ಎಂಜಿನ್ ಸಾಕಾಗುವುದು ಆ ಗೇರುಗಳಿಂದ.

ಮೂಡುಬಿದಿರೆ ಬಳಿಯ ಮಿಜಾರಿನಲ್ಲೇ ಎರಡು ಎಂಜಿನಿಯರಿಂಗ್ ಕಾಲೇಜುಗಳಿವೆ, ಉಜಿರೆಯಲ್ಲಿ ಇನ್ನೊಂದು. ದೇಶದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ 2007ರಿಂದ ನಡೆಯುತ್ತಿರುವ ಬಾಹಾ ಸ್ಪರ್ಧೆಯಲ್ಲಿ ಎಲ್ಲ ತಂಡಗಳಿಗೂ ಒಂದೇ ಬಗೆಯ, ಸುಮಾರು 10 ಅಶ್ವಶಕ್ತಿಯ ಎಂಜಿನ್ ಬಳಸುವ ನಿಯಮವಿದ್ದ ವರ್ಷಗಳಲ್ಲಿ ಗೆಲುವು ಸೋಲು ಬಹುಮಟ್ಟಿಗೆ ನಿಂತಿದ್ದು ಗೇರಿನ ಲೆಕ್ಕದ ಮೇಲೆ. ಇಂಥ ವಿದ್ಯೆಯನ್ನು ಪುಸ್ತಕದಲ್ಲಿ ಕಲಿಯುವ ಮಕ್ಕಳು ರಜೆಯಲ್ಲಿ ಒಂದು ವಾರ ಬಿ.ಸಿ. ರೋಡಿನ ಅಥವಾ ಗುರುವಾಯನಕೆರೆಯ ಯಾವುದಾದರೂ ಗ್ಯಾರೇಜಿನಲ್ಲಿ ಕೂರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸವೆದ ಹಲ್ಲನ್ನು ಕೈಯಲ್ಲಿ ಹಿಡಿದವನಿಗೆ ಮಾತ್ರ ಸೂತ್ರದಲ್ಲಿರುವ ಒತ್ತಡದ ಅರ್ಥ ಪೂರ್ತಿ ತಿಳಿಯುತ್ತದೆ.

ವಿದ್ಯುತ್ ವಾಹನಗಳಿಗೆ ಇಷ್ಟೆಲ್ಲ ಗೇರು ಬೇಡ. ನಿಂತಲ್ಲಿಂದಲೇ ಮೋಟಾರು ಪೂರ್ಣ ಟಾರ್ಕ್ ಕೊಡುವುದರಿಂದ ಹೆಚ್ಚಿನವಕ್ಕೆ ಒಂದೇ ಇಳಿತ ಸಾಕು. ಆದರೆ ಘಾಟಿಯಲ್ಲಿ ಇಂದು ಓಡುವ ಭಾರದ ಲಾರಿಗಳಲ್ಲಿ ಬಹುಪಾಲು ಡೀಸೆಲಿನವೇ.

ಏರುವುದಕ್ಕಿಂತ ಇಳಿಯುವಾಗ ಗೇರ್ ಬಾಕ್ಸಿನ ಬೆಲೆ ಹೆಚ್ಚು. ಮೇಲೆ ಹೇಳಿದ 1,330 ಕಿಲೋ ಭಾರದಷ್ಟು ಎಳೆತ ಇಳಿಯುವಾಗ ಲಾರಿಯನ್ನು ಮುಂದಕ್ಕೆ ತಳ್ಳುತ್ತದೆ. ಅದನ್ನೆಲ್ಲ ಬ್ರೇಕಿನಿಂದಲೇ ಹಿಡಿದರೆ ಡ್ರಮ್ಮು ಕಾದು, ಲೈನರ್ ಸುಟ್ಟು, ಕೊನೆಗೆ ಪೆಡಲ್ ಒತ್ತಿದರೂ ವಾಹನ ನಿಲ್ಲುವುದಿಲ್ಲ. ಕೆಳಗಿನ ಗೇರಿನಲ್ಲಿದ್ದರೆ ಚಕ್ರಗಳು ಎಂಜಿನ್ನನ್ನು ಬಲವಂತವಾಗಿ ತಿರುಗಿಸಬೇಕಾಗಿ ಬಂದು, ಅದೇ ವಾಹನವನ್ನು ಹಿಡಿದಿಡುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲಿನಲ್ಲಿ ಇಳಿಸುವವರು ಆ ಹಿಡಿತವನ್ನೇ ಕಳೆದುಕೊಳ್ಳುತ್ತಾರೆ. ಅದರಿಂದ ಉಳಿತಾಯವೂ ಇಲ್ಲ: ಗೇರಿನಲ್ಲಿ ಇಳಿಯುವಾಗ ಇಂದಿನ ಎಂಜಿನ್ನುಗಳು ಇಂಧನವನ್ನೇ ನಿಲ್ಲಿಸುತ್ತವೆ, ನ್ಯೂಟ್ರಲಿನಲ್ಲಿದ್ದರೆ ಅದನ್ನು ಕುಡಿಯುತ್ತಲೇ ಇರುತ್ತವೆ. ಗೇರಿಲ್ಲದ ಸ್ಕೂಟರುಗಳಲ್ಲಿ ಬೆಲ್ಟಿನ ಹಿಡಿತ ದುರ್ಬಲ. ಅವುಗಳಲ್ಲಿ ಚಾರ್ಮಾಡಿ ಇಳಿಯುವವರು ನಿಧಾನವಾಗಿಯೇ ಶುರು ಮಾಡಿ, ನಡುನಡುವೆ ನಿಂತು ಬ್ರೇಕು ಆರಲು ಬಿಡಬೇಕು.

ಈ ದಾರಿಗಳಲ್ಲಿ ಓಡಾಡುವ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಚಾರ್ಮಾಡಿಯ ಮೇಲ್ತುದಿಯ ಕೊಟ್ಟಿಗೆಹಾರ ಬಿಟ್ಟು ಇಳಿಜಾರು ಶುರುವಾಗುವ ಮೊದಲೇ, ಅದೇ ರಸ್ತೆಯನ್ನು ಯಾವ ಗೇರಿನಲ್ಲಿ ಏರುತ್ತಿದ್ದಿರೋ ಆ ಗೇರಿಗೆ ಬನ್ನಿ. ಆಟೋಮ್ಯಾಟಿಕ್ ಕಾರಾದರೆ ಲಿವರನ್ನು ಎಲ್‌ಗೆ ಅಥವಾ ಮ್ಯಾನ್ಯುವಲ್‌ಗೆ ತನ್ನಿ. ರಸ್ತೆ ಕಿರಿದಾದಲ್ಲಿ ಏರಿ ಬರುವ ವಾಹನಕ್ಕೆ ದಾರಿ ಬಿಡಿ. ಕಾನೂನೂ ಅದನ್ನೇ ಹೇಳುತ್ತದೆ, ಭಾರ ಹೊತ್ತು ಎರಡನೇ ಗೇರಿನಲ್ಲಿ ಬರುತ್ತಿರುವ ಲಾರಿ ಒಮ್ಮೆ ನಿಂತರೆ ಮತ್ತೆ ಹೊರಡುವುದು ಬಹಳ ಕಷ್ಟ. ಮಳೆಗಾಲ ಮುಗಿದ ಕೂಡಲೇ ಗೇರ್ ಆಯಿಲನ್ನು ಒಮ್ಮೆ ನೋಡಿಸಿ.