ಗೋಡೆಯ ಬೂಷ್ಟು

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಗುಡಗೇರಿಯ ಕಡೆ ನೆಲವು ಎರೆಮಣ್ಣಿನದು. ಮಳೆಗಾಲದಲ್ಲಿ ಆ ಮಣ್ಣು ನೀರನ್ನು ಹೀರಿ ಉಬ್ಬುವುದು. ಹೀರಿದುದನ್ನು ಬೇಗನೆ ಬಿಟ್ಟುಕೊಡದು. ಆ ತೇವವು ತಳಪಾಯದಿಂದ ಗೋಡೆಗೇರಿದರೆ, ಇಲ್ಲವೆ ಮಾಳಿಗೆ ಸೋರಿದರೆ, ಬೂಷ್ಟು ಮೂಡುವುದು. ಇದು ಅಣಬೆಯ ಬಂಧುವಾದ ಶಿಲೀಂಧ್ರ. ಇದರ ಬೀಜಕಣಗಳು ಗಾಳಿಯಲ್ಲಿ ಸದಾ ಇರುವುವು, ಗೋಡೆಯ ಮೇಲಣ ಧೂಳೇ ಅವಕ್ಕೆ ಆಹಾರ, ಕೊರತೆಯಿರುವುದು ನೀರಿನದೊಂದೇ. ಆದುದರಿಂದ ಮೊದಲು ಸೋರುವೆಡೆಯನ್ನು ಮುಚ್ಚಬೇಕು, ಗೋಡೆಯ ಬುಡದಲ್ಲಿ ಮಳೆನೀರು ನಿಲ್ಲದಂತೆ ಮಾಡಬೇಕು.

ಒಣಗಿದ ಬೂಷ್ಟನ್ನು ಪೊರಕೆಯಿಂದ ಗುಡಿಸಲಾಗದು. ಬೀಜಕಣಗಳು ಹಾರಿ ಉಬ್ಬಸವುಳ್ಳವರನ್ನು ಬಾಧಿಸುವುವು. ಕಿಟಕಿ ತೆರೆದು, ಮೂಗುಬಾಯಿ ಮುಚ್ಚಿಕೊಂಡು, ಸಾಬೂನುನೀರಿನ ಬಟ್ಟೆಯಿಂದ ಒರಸಿ, ಗೋಡೆಯನ್ನು ಚೆನ್ನಾಗಿ ಆರಗೊಡಬೇಕು. ಬ್ಲೀಚಿಂಗ್ ಪುಡಿಯನ್ನು ಬಳಸುವವರು ಅದಕ್ಕೆ ಆಮ್ಲವನ್ನಾಗಲಿ ಅಮೋನಿಯವನ್ನಾಗಲಿ ಎಂದಿಗೂ ಬೆರೆಸಕೂಡದು. ಏಳುವ ಅನಿಲವು ವಿಷ.

ನಾವು ಪಟ್ಟಣಿಗರು ಕಲೆಯನ್ನು ಕಂಡೊಡನೆ ಬಣ್ಣದ ಡಬ್ಬಿಯನ್ನು ಹುಡುಕುತ್ತೇವೆ. ಒದ್ದೆಗೋಡೆಗೆ ಎಣ್ಣೆಬಣ್ಣ ಬಳಿದರೆ ತೇವವು ಒಳಗೇ ಸಿಕ್ಕಿ, ಬಣ್ಣವೇ ಸುಲಿದು ಬೀಳುವುದು. ಹಳ್ಳಿಯವರ ಸುಣ್ಣವೇ ಮೇಲು. ಅದರ ಕ್ಷಾರದಲ್ಲಿ ಬೂಷ್ಟು ಬೆಳೆಯಲಾರದು; ಗೋಡೆಯೂ ಅದರ ಮೂಲಕ ಆರುವುದು. ಗಾಳಿಯ ಇಂಗಾಲಾಮ್ಲದೊಡನೆ ಕೂಡಿ ಸುಣ್ಣವು ಕ್ರಮೇಣ ಆ ಕ್ಷಾರವನ್ನು ಕಳೆದುಕೊಳ್ಳುವುದರಿಂದ, ಅದನ್ನು ವರ್ಷಕ್ಕೊಮ್ಮೆ ಬಳಿಯುವುದು ಲೇಸು. ಬಳಿಯುವಾಗ ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ.